ಮರುವಾಯಿ, ಪಚ್ಚಿಲೆ, ಸಿಗಡಿ, ಏಡಿ: ಎಲ್ಲಕ್ಕೂ ಒಂದೇ ನ್ಯಾಯವೇ?

ತೆಂಗಿನಹಾಲು:
ಕೋಳಿ ಕುರಿ ಬಿಟ್ಟವರಲ್ಲಿ ಕೆಲವರು "ಚಿಪ್ಪಿನ ಜೀವಿ ತಿನ್ನಬಹುದು, ಅದಕ್ಕೆ ನೋವೇ ಗೊತ್ತಾಗಲ್ಲ, ಪರಿಸರಕ್ಕೂ ಒಳ್ಳೇದು" ಅಂತಾರೆ. ಶೆಲ್‌ಫಿಶ್ ಅಂದ್ರೆ ಮರುವಾಯಿ, ಪಚ್ಚಿಲೆ (ಎರಡೂ ಕಪ್ಪೆಚಿಪ್ಪು ಜಾತಿ), ಸಿಗಡಿ, ಏಡಿ ಎಲ್ಲ ಒಂದೇ ಬುಟ್ಟಿಗೆ ಬೀಳತ್ತೆ. ಆ ಮಾತು ಇಷ್ಟಕ್ಕೂ ಸಲ್ಲತ್ತಾ? ಮಂಗಳೂರು, ಕುಮಟಾ ಕಡೆ ಮಾರ್ಕೆಟ್ಟಲ್ಲಿ ನಿಂತು ಏನು ನೋಡಿ ಕೊಳ್ಳಬೇಕು? ಬುಟ್ಟಿ ಮೇಲೆ ಸರ್ಟಿಫಿಕೇಟ್ ಇರಲ್ಲ, ಹಾಗಾಗಿ ಕಣ್ಣಿಗೆ ಕಾಣೋದನ್ನೇ ಹೇಳಿ.

ಅಳಿವೆಬಾಗಿಲು:
ಬುಟ್ಟಿಯನ್ನು ಮೊದಲು ಎರಡು ಮಾಡಿ ಮಾರಾಯ್ರೆ. ಮರುವಾಯಿ, ಪಚ್ಚಿಲೆ ಎರಡು ಚಿಪ್ಪಿನವು. ಇವುಗಳಿಗೆ ಮಿದುಳಿಲ್ಲ, ಅಲ್ಲಲ್ಲಿ ನರದ ಗಂಟುಗಳು ಮಾತ್ರ ಉಂಟು. ನೋವೇ ಇಲ್ಲ ಅಂತ ಆಣೆ ಹಾಕಲು ಆಗದಿದ್ದರೂ ಪುರಾವೆ ಬಹಳ ತೆಳು. ಸಿಗಡಿ, ಏಡಿಯದ್ದು ಬೇರೆಯೇ ಕಥೆ.

ಪಚ್ಚಿಲೆ ಸಾಕುವುದಕ್ಕೆ ಒಂದು ಹಿಡಿ ಮೇವೂ ಬೇಡ. 12–14 ಮಿ.ಮೀ ನೈಲಾನ್ ಹಗ್ಗದ ಸುತ್ತ ಮೀಟರಿಗೆ ಒಂದು, ಒಂದೂವರೆ ಕಿಲೋ ಮರಿ ಹರಡಿ, ಮೇಲೆ ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿದು, ನವೆಂಬರ್–ಡಿಸೆಂಬರಿಗೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಳಿಬಿಡುತ್ತಾರೆ. ನಾಲ್ಕಾರು ದಿನದಲ್ಲಿ ಬಟ್ಟೆ ಕೊಳೆಯುತ್ತದೆ, ಅಷ್ಟರಲ್ಲಿ ಮರಿ ನೂಲು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡಿರುತ್ತದೆ. ದುಡ್ಡು ಉಳಿಸಲು ಹತ್ತಿಯ ಬದಲು ಪ್ಲಾಸ್ಟಿಕ್ ಬಲೆ ಸುತ್ತಿದರೆ ಅದು ಕೊಳೆಯದೆ ಕೊನೆಗೆ ಹೊಳೆಗೆ ಸೇರುತ್ತದೆ. ಮಳೆಗೆ ಮೊದಲೇ ಕೊಯ್ಲು ಮುಗಿಯಬೇಕು, ಸಿಹಿನೀರು ನುಗ್ಗಿ ಉಪ್ಪು ಇಳಿದರೆ ಹಗ್ಗಕ್ಕೆ ಹಗ್ಗವೇ ಸಾಯುತ್ತದೆ.

ಇದರಲ್ಲಿ ಹುಳುಕಿಲ್ಲ ಅಂತಲ್ಲ. ಮರಿ ಬರುವುದು ಕಡಲ ಬಂಡೆಯಿಂದ ಕೆರೆದು. ಹಗ್ಗ ಒತ್ತೊತ್ತಾಗಿ ಕಟ್ಟಿದರೆ ಹಿಕ್ಕೆ ತಳದಲ್ಲಿ ಕೂತು ಅಲ್ಲಿನ ಆಮ್ಲಜನಕ ಇಳಿಯುತ್ತದೆ.

ಇನ್ನು ಸಿಗಡಿ. 2009ರಲ್ಲಿ ಭಾರತದಲ್ಲಿ ಸಾಕಲು ಅನುಮತಿ ಸಿಕ್ಕ ವಿದೇಶಿ ಸಿಗಡಿ ವನ್ನಾಮಿಗೆ ಕಿಲೋಗೆ ಹೆಚ್ಚುಕಮ್ಮಿ ಒಂದೂವರೆ ಕಿಲೋ ಮೇವು ಬೇಕು, ಅದರಲ್ಲಿ ಮೀನುಪುಡಿ ಉಂಟು. ನಾವು ತಿನ್ನಬೇಕಾದ ಬೂತಾಯಿ ಮೀನೇ ಪುಡಿಯಾಗಿ ಹೋಗುತ್ತದೆ. ಹ್ಯಾಚರಿಯಲ್ಲಿ ತಾಯಿ ಸಿಗಡಿ ಬೇಗ ಮೊಟ್ಟೆಗೆ ಬರಲಿ ಅಂತ ಒಂದು ಕಣ್ಣಿನ ತೊಟ್ಟನ್ನು ಹಿಸುಕಿಯೋ ಕತ್ತರಿಸಿಯೋ ತೆಗೆಯುವ ಪದ್ಧತಿಯೂ ಉಂಟು. ಅಂಡಾಶಯವನ್ನು ತಡೆದಿಡುವ ಹಾರ್ಮೋನು ಆ ತೊಟ್ಟಿನಲ್ಲಿರುತ್ತದೆ. ಕಡಲಿನ ಸಿಗಡಿ ಆದರೆ ಟ್ರಾಲ್ ಬಲೆ ತಳವನ್ನೇ ಗುಡಿಸಿಕೊಂಡು ಬರುತ್ತದೆ, ಜೊತೆಗೆ ಬಂದ ಮರಿಮೀನು ಮತ್ತೆ ಪುಡಿ ಫ್ಯಾಕ್ಟರಿಗೆ.

ಗಜನಿಅಂಚು:
ಮೇಲಿನವರ ಮಾತು ಸರಿ, ಆದರೆ ಬಳಚಿಗೆ (ನೀವು ಮರುವಾಯಿ ಅನ್ನೋದು) ಸುಮ್ಮನೆ ಪಾಸ್ ಕೊಡಬೇಡಿ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ನೀರಿಳಿತದ ಹೊತ್ತಿಗೆ ಕೈಯಿಂದ ಹೆಕ್ಕುತ್ತಾರೆ, ತಳಕ್ಕೆ ಅಂಥ ಪೆಟ್ಟಿಲ್ಲ. ಆ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಪೆಟ್ಟು ಬೀಳೋದು ಎರಡು ಕಡೆಯಿಂದ. ಒಂದು, ಮರಳು ಮತ್ತು ಸುಣ್ಣದ ಚಿಪ್ಪಿಗಾಗಿ ತಳ ಅಗೆಯೋದು. ಇನ್ನೊಂದು, ಬೆಳೆಯುವ ಮುಂಚೆಯೇ ಬಾಚೋದು.

ಕೇರಳದ ಅಷ್ಟಮುಡಿ ಕಾಯಲಿನಲ್ಲಿ ಇದಕ್ಕೆ ದಾರಿ ಕಂಡುಕೊಂಡರು: ಸಣ್ಣ ಕಾಯಿ (ಬಳಚು) ಜಾರಿಹೋಗಲಿ ಅಂತ 30 ಮಿ.ಮೀ ಕಣ್ಣಿನ ಬಲೆ, ಡಿಸೆಂಬರಿನಿಂದ ಫೆಬ್ರವರಿವರೆಗೆ ಮರಿ ಮಾಡುವ ಕಾಲಕ್ಕೆ ರಜೆ, ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಕಾಯಿ ಹಿಡಿಸುವಷ್ಟು ಸಣ್ಣದಾದರೆ ರಫ್ತಿಲ್ಲ. 2014ರಲ್ಲಿ ಅದಕ್ಕೆ, ಕಡಲ ಸಂಪತ್ತು ಬರಿದಾಗದಂತೆ ಹಿಡಿಯುತ್ತಾರೆ ಅಂತ ಸಾರುವ ಎಂಎಸ್‌ಸಿ ಸರ್ಟಿಫಿಕೇಟ್ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು.

ಮಾರ್ಕೆಟ್ಟಲ್ಲಿ ಹೀಗೆ ಮಾಡಿ: ಬುಟ್ಟಿಯ ಮೇಲಿನದ್ದಲ್ಲ, ಕೈ ಹಾಕಿ ಅಡಿಯದ್ದು ತೆಗೆಯಿರಿ. ಹೆಬ್ಬೆರಳಿನ ಉಗುರಿಗಿಂತ ಸಣ್ಣದೇ ತುಂಬಿದ್ದರೆ ಬಿಟ್ಟು ಬನ್ನಿ.

ಚಿಪ್ಪು ಇಂಗಾಲವನ್ನು ಹಿಡಿದಿಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರಲ್ಲಿ ಕರಗಿದ ಬೈಕಾರ್ಬನೇಟಿನಿಂದ ಚಿಪ್ಪು ಕಟ್ಟುವಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ. ಇವುಗಳ ಲಾಭ ಇರೋದು ಮೇವು ಬೇಡದಿರೋದರಲ್ಲಿ, ನೀರು ಸೋಸೋದರಲ್ಲಿ.

ಕಲ್ಲೇಡಿ:
ಏಡಿಗೆ ನೋವಿಲ್ಲ ಅನ್ನೋ ಕಾಲ ಹೋಯ್ತು. ಬೆಲ್‌ಫಾಸ್ಟಿನಲ್ಲಿ ವಿಜ್ಞಾನಿ ರಾಬರ್ಟ್ ಎಲ್ವುಡ್, ಖಾಲಿ ಚಿಪ್ಪಿನಲ್ಲಿ ಮನೆ ಮಾಡೋ ಸನ್ಯಾಸಿ ಏಡಿಗಳಿಗೆ ಚಿಪ್ಪಿನೊಳಗೆ ಸಣ್ಣ ಕರೆಂಟ್ ಕೊಟ್ಟು ನೋಡಿದರು. ಇಷ್ಟವಿಲ್ಲದ ಜಾತಿಯ ಚಿಪ್ಪಾದರೆ ಬೇಗ ಬಿಟ್ಟು ಹೊರಬರುತ್ತಿದ್ದವು, ಒಳ್ಳೇ ಚಿಪ್ಪಾದರೆ ತಡ್ಕೊಳ್ತಿದ್ದವು. ಬರೀ ಬೆಚ್ಚಿಬೀಳೋ ಪ್ರಾಣಿ ಹೀಗೆ ಲೆಕ್ಕ ಹಾಕಲ್ಲ. ಸ್ವಿಟ್ಜರ್ಲೆಂಡ್ 2018ರಲ್ಲಿ ಲಾಬ್‌ಸ್ಟರನ್ನು ಜೀವಂತ ಕುದಿಸೋದು ನಿಲ್ಲಿಸಿತು, ಬ್ರಿಟನ್ 2022ರ ಕಾನೂನಿನಲ್ಲಿ ಏಡಿ, ಸಿಗಡಿಗಳನ್ನು ಸಂವೇದನೆ ಇರುವ ಜೀವಿಗಳ ಸಾಲಿಗೆ ಸೇರಿಸಿತು.

ತಿನ್ನೋದೇ ಆದ್ರೆ ಜೀವಂತ ಕಾಲು ಕಿತ್ತು ಕುದಿಯೋ ಮಸಾಲೆಗೆ ಹಾಕಬೇಡಿ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪುನೀರು (ಲೀಟರಿಗೆ 35 ಗ್ರಾಂ ಉಪ್ಪು) ಬೆರೆಸಿ, ಅದರಲ್ಲಿ ಏಡಿಯನ್ನ ಕನಿಷ್ಠ 20 ನಿಮಿಷ ಮುಳುಗಿಸಿಡಿ. ಐಸಿಗೆ ಸಿಹಿನೀರು ಬೆರೆಸಬೇಡಿ, ಅದು ಇನ್ನೊಂದು ಹಿಂಸೆ. ಕಾಲು ಎತ್ತಿ ಬಿಟ್ಟಾಗ ಜೋತುಬಿದ್ದು, ಕಣ್ಣು ಮುಟ್ಟಿದರೂ ಅಲುಗಾಡದಿದ್ದರೆ ಬೆನ್ನಡಿ ಮಾಡಿ ಹೊಟ್ಟೆಯ ಮಡಿಕೆ ಎತ್ತಿ. ಅದರ ಕೆಳಗಿನ ಸಣ್ಣ ಕುಳಿಯಲ್ಲಿ ಒಮ್ಮೆ, ಕಣ್ಣುಗಳ ನಡುವೆ ಒಮ್ಮೆ ಚೂಪಾದ ಸಲಾಕೆ ಇಳಿಸಿ. ನರದ ಗಂಟು ಎರಡು ಕಡೆ ಇರೋದ್ರಿಂದ ಒಂದೇ ಚುಚ್ಚು ಸಾಲಲ್ಲ. ಐಸ್ ಮರಗಟ್ಟಿಸತ್ತೆ ಅಷ್ಟೇ, ಕೊಲ್ಲೋದಿಲ್ಲ.

ಮಡಿಕೆಯಡಿ ಕಿತ್ತಳೆ ಅಥವಾ ಕಪ್ಪು ಮೊಟ್ಟೆಯ ಗೊಂಚಲು ಇರೋ ಹೆಣ್ಣನ್ನ ಕೊಳ್ಳಲೇಬೇಡಿ.

ತೆಂಗಿನಹಾಲು:
ಹಾಗಾದ್ರೆ ನನ್ನ ಪಟ್ಟಿಯಲ್ಲಿ ಮರುವಾಯಿ, ಪಚ್ಚಿಲೆ ಉಳೀತು. ನೀರು ಸೋಸತ್ತೆ ಅಂದ್ರೆ ಆ ಕೊಳೆ ನಮ್ಮ ಹೊಟ್ಟೆಗೇ ಬಂತಲ್ಲ? ಉಪ್ಪುನೀರಲ್ಲಿ ನೆನೆಸಿಟ್ಟರೆ ಸಾಕಾ?

ಅಳಿವೆಬಾಗಿಲು:
ಲೀಟರಿಗೆ 25–30 ಗ್ರಾಂ ಉಪ್ಪು ಹಾಕಿ ಅಗಲ ಪಾತ್ರೆಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮರಳು ಬಿಡುತ್ತದೆ. ನಲ್ಲಿ ನೀರಲ್ಲಿ ಹಾಕಿದರೆ ಬಾಯಿ ಮುಚ್ಚಿಕೊಂಡು ಒಳಗೇ ಸಾಯುತ್ತವೆ. ಬಾಯಿ ತೆರೆದದ್ದನ್ನು ತಟ್ಟಿದರೂ ಮುಚ್ಚದಿದ್ದರೆ ಎಸೆಯಿರಿ. ಆದರೆ ನೆನೆಸುವುದರಿಂದ ಹೋಗುವುದು ಮರಳು ಮಾತ್ರ. ಚರಂಡಿ ಸೇರುವ ಜಾಗದ ರೋಗಾಣು ಸಾಯಬೇಕಾದರೆ ಚೆನ್ನಾಗಿ ಬೇಯಿಸಬೇಕು. ಕಡಲಿನ ವಿಷಪಾಚಿಯಿಂದ ಬರುವ ನಂಜು ಬೇಯಿಸಿದರೂ ಹೋಗದು. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದವರಿಗೆ ಆದದ್ದು ಅದೇ. ತುಟಿ ಜುಮುಗುಟ್ಟಿದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ. ನೀರು ಕೆಂಪಗೋ ಗಾಢ ಹಸಿರಿಗೋ ತಿರುಗಿದ ಸುದ್ದಿ ಬಂದರೆ ಆ ಅಳಿವೆಯ ಮಾಲು ಸದ್ಯಕ್ಕೆ ಬೇಡ.