‘ಐಡ್ಲರ್’ಗೆ ಕನ್ನಡದಲ್ಲಿ ಏನೆನ್ನೋಣ? ಜೊತೆಗೆ ‘ಸವೆ’, ‘ಬದಲಿಸು’ಗಳ ಬಗ್ಗೆ

ಒರಗಿ ಕುಳಿತು ತುಳಿಯುವ ಮೂರು ಗಾಲಿಯ ಸೈಕಲ್ಲಿನ ನಿರ್ವಹಣೆಯ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬ್ರೇಕು, ಟೈರುಗಳ ಅಧ್ಯಾಯಗಳು ಹೆಚ್ಚು ತೊಂದರೆ ಕೊಡದೆ ಮುಗಿದವು. ಚೈನಿನ ಹಾದಿಯಲ್ಲಿರುವ ಸವೆದ ಐಡ್ಲರ್‌ಗಳನ್ನು ಬಿಚ್ಚಿ ಹೊಸದನ್ನು ಹಾಕುವ ಅಧ್ಯಾಯದಲ್ಲಿ ಮಾತ್ರ ಕೆಲವು ಪದಗಳು ಕಾಲಿಗೆ ತೊಡರಿಕೊಂಡಿವೆ. ಬಲ್ಲವರು ಬಿಡಿಸಿಕೊಡಬೇಕೆಂದು ಕೋರಿಕೆ.

ಮೊದಲು ವಸ್ತುವಿನ ಬಗ್ಗೆ ಎರಡು ಮಾತು. ಈ ಸೈಕಲ್ಲಿನಲ್ಲಿ ಪೆಡಲ್‌ಗಳು ಸವಾರನ ಮುಂದೆ, ಕಾಲು ಚಾಚಿದಷ್ಟು ದೂರದಲ್ಲಿರುತ್ತವೆ. ಓಡಿಸಬೇಕಾದ ಗಾಲಿ ಸಾಮಾನ್ಯವಾಗಿ ಅವನ ಬೆನ್ನ ಹಿಂದೆ ಇರುತ್ತದೆ. ಹೀಗಾಗಿ ಚೈನು ಸಾಧಾರಣ ಸೈಕಲ್ಲಿನ ಚೈನಿನ ಎರಡೂವರೆಯಿಂದ ಮೂರು ಪಟ್ಟು ಉದ್ದವಾಗುವುದಲ್ಲದೆ, ಸೀಟಿನ ಅಡಿಯಲ್ಲಿ ನುಸುಳಿ ಹೋಗಬೇಕಾದ್ದರಿಂದ ನೇರವಾಗಿಯೂ ಸಾಗಲಾರದು. ಅದನ್ನು ಒಂದೆರಡು ಕಡೆ ಕೆಳಕ್ಕೆ ಒತ್ತಿಯೋ ಮೇಲಕ್ಕೆ ಎತ್ತಿಯೋ ದಾರಿ ತಿರುಗಿಸಲು ಫ್ರೇಮಿಗೆ ಬೋಲ್ಟು ಹಾಕಿ ಕೂರಿಸಿದ ಪುಟ್ಟ ಗಾಲಿಗಳೇ ಐಡ್ಲರ್‌ಗಳು. ಇವು ಪೆಡಲಿಗೂ ಸೇರಿದವಲ್ಲ, ಹಿಂದಿನ ಗಾಲಿಗೂ ಸೇರಿದವಲ್ಲ. ಚೈನು ಓಡಿದಂತೆ ತಮ್ಮ ಬೇರಿಂಗಿನ ಮೇಲೆ ತಾವು ಸುತ್ತುತ್ತವೆ, ಅಷ್ಟೆ.

ಈ ‘ಅಷ್ಟೆ’ಯಲ್ಲೇ ಇಂಗ್ಲಿಷಿನ ಹೆಸರು ಹುಟ್ಟಿದೆ. ‘ಐಡಲ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬರಿದು, ವ್ಯರ್ಥ ಎಂಬ ಅರ್ಥವಿತ್ತು. ಕೆಲಸವಿಲ್ಲದ, ಸೋಮಾರಿ ಎಂಬ ಅರ್ಥಗಳು ಅದರಿಂದ ಬೆಳೆದವು. ಎರಡು ಹಲ್ಲುಚಕ್ರಗಳ ನಡುವೆ ಮೂರನೆಯದೊಂದನ್ನು ಸೇರಿಸಿದರೆ ಕೊನೆಯ ಚಕ್ರ ಸುತ್ತುವ ದಿಕ್ಕು ಬದಲಾಗುತ್ತದೆಯೇ ಹೊರತು ವೇಗದ ಅನುಪಾತ ಬದಲಾಗುವುದಿಲ್ಲ. ಲೆಕ್ಕಕ್ಕೆ ಬಾರದ ಆ ನಡುವಿನ ಚಕ್ರಕ್ಕೆ ಐಡ್ಲರ್ ಎಂದದ್ದು ತಕ್ಕದ್ದೇ ಆಗಿತ್ತು. ಆದರೆ ಅದೇ ಹೆಸರನ್ನು ಚೈನಿನ ಗಾಲಿಗೂ ಇಟ್ಟ ಮೇಲೆ ಕನ್ನಡದಲ್ಲಿ ‘ನಿಷ್ಕ್ರಿಯ ಚಕ್ರ’ ಅಥವಾ ‘ಸೋಮಾರಿ ಗಾಲಿ’ ಎಂದು ಬರೆಯಲು ನನಗೆ ಮನಸ್ಸೊಪ್ಪುತ್ತಿಲ್ಲ. ಕಾರಣ ಭಾಷೆಯದಲ್ಲ, ಲೆಕ್ಕದ್ದು. 170 ಮಿಲಿಮೀಟರಿನ ಕ್ರ್ಯಾಂಕಿನ (ಪೆಡಲನ್ನು ಹಿಡಿದಿರುವ ತೋಳಿನ) ಮೇಲೆ 50 ಕಿಲೋ ಭಾರದಷ್ಟು ಒತ್ತಿ, 39 ಹಲ್ಲಿನ ಚಕ್ರದಿಂದ ಚೈನನ್ನು ಎಳೆದರೆ ಚೈನಿನಲ್ಲಿ ನೂರು ಕಿಲೋ ದಾಟಿದ ಬಿಗಿತವಿರುತ್ತದೆ; ಗಾಲಿಯೊಂದು ಆ ಚೈನಿನ ದಾರಿಯನ್ನು 20 ಡಿಗ್ರಿಯಷ್ಟು ತಿರುಗಿಸಿದರೆ ಅದರ ಮೂರನೇ ಒಂದು ಪಾಲಿಗೂ ಮಿಗಿಲಾದ ಭಾರ ಆ ಪುಟ್ಟ ಬೇರಿಂಗಿನ ಮೇಲೆ ಬೀಳುತ್ತದೆ. ಮೂವತ್ತೇಳು ಕಿಲೋ ಹೊತ್ತು ನಿಂತವನನ್ನು ಸೋಮಾರಿ ಎನ್ನುವುದು ಹೇಗೆ?

ಒಮ್ಮೆ ‘ಬಿಟ್ಟಿ ಗಾಲಿ’ ಎಂಬುದು ಹೊಳೆದು ಒಂದು ಸಂಜೆಯೆಲ್ಲ ಹಿಗ್ಗಿದ್ದೆ. ಸಂಸ್ಕೃತದ ವಿಷ್ಟಿಯ ತದ್ಭವವಾದ ‘ಬಿಟ್ಟಿ’ಗೆ ಕೂಲಿಯಿಲ್ಲದ ಚಾಕರಿ ಎಂಬುದೇ ಮೂಲದ ಅರ್ಥ, ಮೈಮುರಿದು ದುಡಿದರೂ ಲೆಕ್ಕಕ್ಕೆ ಸಿಗದ ಈ ಗಾಲಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಕ್ಕೀತು ಎನ್ನಿಸಿತ್ತು. ಆದರೆ ಮರುದಿನ ಕರಡು ಓದಿದವರು ಕೇಳಿದ ಮೊದಲ ಪ್ರಶ್ನೆ, ‘ಸೈಕಲ್ಲಿನ ಜೊತೆ ಇದನ್ನು ಪುಕ್ಕಟೆಯಾಗಿ ಕೊಡುತ್ತಾರೆಯೇ?’ ಎಂದಾಗಿತ್ತು. ಅಲ್ಲಿಗೆ ಅದನ್ನು ಕೈಬಿಟ್ಟೆ. ‘ರಾಟೆ’ ಅಥವಾ ‘ಗಡಗಡೆ’ ಎನ್ನಬಹುದಿತ್ತು. ಅವು ಕನ್ನಡದವರ ಕೈಗೆ ಹತ್ತಿದ ಪದಗಳೇ. ಆದರೆ ರಾಟೆಯೆಂದೊಡನೆ ಹಗ್ಗ ಹಾಯುವ ಕೊರಕಲಿನ ಗಾಲಿ ಕಣ್ಣಿಗೆ ಕಟ್ಟುತ್ತದೆ. ಐಡ್ಲರ್‌ಗಳಲ್ಲಿ ಕೆಲವಕ್ಕೆ ಹಲ್ಲಿರುತ್ತದೆ, ಕೆಲವು ಬೋಳು. ಹಲ್ಲಿರುವುದನ್ನು ರಾಟೆಯೆನ್ನಲು ನಾಲಿಗೆ ಹಿಂಜರಿಯುತ್ತದೆ. ಸದ್ಯಕ್ಕೆ ‘ತಿರುವುಗಾಲಿ’ ಎಂದು ಬರೆದುಕೊಂಡಿದ್ದೇನೆ. ತಿರುವು ಎಂಬುದು ದಾರಿಯ ಬಳುಕನ್ನೂ ತಿರುಗಿಸುವ ಕ್ರಿಯೆಯನ್ನೂ ಒಟ್ಟಿಗೆ ಹೇಳುತ್ತದೆಂಬುದು ನನ್ನ ವಾದ. ಚೈನು ಜೋತುಬೀಳದಂತೆ ತಡೆಯುವುದಷ್ಟೇ ಕೆಲಸವಾಗಿರುವ ಗಾಲಿಗೂ ಇದೇ ಹೆಸರು ಹೊಂದುತ್ತದೆಯೇ, ಅಥವಾ ಅದಕ್ಕೆ ‘ಆನಿಕೆಗಾಲಿ’ ಎಂಬ ಬೇರೆ ಪದ ಬೇಕೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಸವೆತಕ್ಕೆ ಸಂಬಂಧಿಸಿದ್ದು. ನನ್ನ ಮೇಜಿನ ಮೇಲೆ ಈಗ ಅಂಥದೊಂದು ಬೋಳುಗಾಲಿ ಇದೆ. ಚೈನಿನ ಎರಡು ಬದಿಯ ಪಟ್ಟಿಗಳು ಅದರ ಪ್ಲಾಸ್ಟಿಕ್ಕಿನಲ್ಲಿ ಎರಡು ಸಮಾನಾಂತರ ಜಾಡು ಕೊರೆದಿವೆ; ನಡುವೆ ಉಳಿದ ದಿಣ್ಣೆ ಕಪ್ಪು ಜಿಡ್ಡಿನಿಂದ ಮಿರುಗುತ್ತಿದೆ; ಒಂದು ಅಂಚು ಮಾತ್ರ ಉಗುರಿನಷ್ಟು ತೆಳ್ಳಗಾಗಿದೆ, ಅಂದರೆ ಚೈನು ಓರೆಯಾಗಿ ಬರುತ್ತಿತ್ತು. ನಡುವಿನ ತೂತಿಗೆ ಬೆರಳು ತೂರಿಸಿ ಸುತ್ತಿದರೆ ಒಳಗೆ ಕರಕರ ಎನ್ನುತ್ತದೆ. ಇಂಗ್ಲಿಷಿನ ಕೈಪಿಡಿಗಳಲ್ಲಿ ಇದಿಷ್ಟನ್ನೂ ‘ವೋರ್ನ್’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಕನ್ನಡದಲ್ಲಿ ಗಾಲಿ ಸವೆಯುತ್ತದೆ, ಆದರೆ ಬೇರಿಂಗ್ ‘ಹೋಗುತ್ತದೆ’. ‘ಬೇರಿಂಗ್ ಸವೆದಿದೆ’ ಎಂದು ರಿಪೇರಿ ಮಾಡುವವರು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಬೇರಿಂಗನ್ನು ಮಾತ್ರ ಒತ್ತಿ ತೆಗೆದು ಹೊಸದು ಹಾಕಲು ಬರುವ ಗಾಲಿಗಳೂ ಇರುವುದರಿಂದ ಈ ವ್ಯತ್ಯಾಸವನ್ನು ಉಳಿಸಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಇನ್ನು ವಿಶೇಷಣದ ಮಾತು: ‘ಸವಕಲು ಗಾಲಿ’ ಎಂದರೆ ‘ಸವಕಲು ನಾಣ್ಯ’ದ ತಾತ್ಸಾರ ಅಂಟಿಕೊಳ್ಳುತ್ತದೆ, ‘ಸವಕಳಿ’ಯನ್ನು ಲೆಕ್ಕಪತ್ರದವರು ಆಸ್ತಿಯ ಬೆಲೆ ಇಳಿಯುವುದಕ್ಕೆ ಹಿಡಿದಿಟ್ಟುಕೊಂಡಿದ್ದಾರೆ. ಆದ್ದರಿಂದ ‘ಸವೆದ ಗಾಲಿ’, ‘ಗಾಲಿಯ ಸವೆತ’ ಎಂದಷ್ಟೇ ಬರೆದಿದ್ದೇನೆ. ಹಲ್ಲಿನ ಗಾಲಿಯಲ್ಲಿ ಹಲ್ಲುಗಳು ಸವೆದು ಒಂದೇ ಕಡೆಗೆ ಬಾಗಿ ಚೂಪಾದಾಗ ‘ಕೊಕ್ಕೆಹಲ್ಲು’ ಎಂದಿದ್ದೇನೆ. ಇದಕ್ಕೆ ಬಳಕೆಯ ಮಾತು ಬೇರೆ ಇದ್ದರೆ ತಿಳಿಸಿ.

ಮೂರನೆಯ ತೊಡಕು ನನ್ನನ್ನು ನಿಜವಾಗಿ ಬೀಳಿಸಿತು. ‘ರಿಪ್ಲೇಸ್’ ಎಂಬುದಕ್ಕೆ ಕಣ್ಣುಮುಚ್ಚಿ ‘ಬದಲಿಸಿ’ ಎಂದು ಬರೆಯುವ ಚಾಳಿ ನನ್ನದು. ಆದರೆ ಆ ಪದಕ್ಕೆ ತೆಗೆದದ್ದನ್ನೇ ಮರಳಿ ಇಡು ಎಂಬ ಅರ್ಥವೂ ಇದೆ, ಮತ್ತು ಕೈಪಿಡಿಗಳಲ್ಲಿ ಒಂದೇ ಪುಟದಲ್ಲಿ ಎರಡೂ ಬರುತ್ತವೆ: ಗಾಲಿಯನ್ನು ‘ರಿಪ್ಲೇಸ್’ ಮಾಡುವುದೆಂದರೆ ಹೊಸದನ್ನು ಹಾಕುವುದು, ಬೋಲ್ಟಿನ ವಾಷರುಗಳನ್ನು ‘ರಿಪ್ಲೇಸ್’ ಮಾಡುವುದೆಂದರೆ ಬಿಚ್ಚಿದ ಕ್ರಮದಲ್ಲೇ ಅವನ್ನು ತಿರುಗಿ ಕೂರಿಸುವುದು. ನಾನು ಎರಡೂ ಕಡೆ ‘ಬದಲಿಸಿ’ ಎಂದದ್ದರಿಂದ, ಕರಡನ್ನು ಎದುರಿಗಿಟ್ಟುಕೊಂಡು ಕೆಲಸಕ್ಕೆ ಕುಳಿತ ಗೆಳೆಯರೊಬ್ಬರು ಚೆನ್ನಾಗಿದ್ದ ವಾಷರುಗಳನ್ನು ಬಿಸುಟು ಬೇರೆ ದಪ್ಪದವನ್ನು ತಂದು ಹಾಕಿದರು. ಗಾಲಿ ಎರಡು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದು, ಚೈನು ಅಂಚಿಗೆ ಉಜ್ಜುತ್ತಾ ಹೊಸ ಗಾಲಿಯನ್ನೇ ತಿನ್ನತೊಡಗಿತು. ಅವರು ಸಿಟ್ಟಾಗಲಿಲ್ಲ, ‘ನಿಮ್ಮ ಕನ್ನಡ ಶುದ್ಧವಾಗಿದೆ’ ಎಂದಷ್ಟೇ ಹೇಳಿದರು. ಈಗ ‘ಹೊಸದನ್ನು ಹಾಕಿ’, ‘ಮರಳಿ ಕೂರಿಸಿ’ ಎಂದು ಬಿಡಿಸಿ ಬರೆದಿದ್ದೇನೆ, ‘ಬದಲಿಸು’ವನ್ನು ಆ ಅಧ್ಯಾಯದಿಂದ ಪೂರ್ತಿ ತೆಗೆದಿದ್ದೇನೆ. ಇದು ಅತಿಯಾಯಿತೇ?

ಕೊನೆಯದಾಗಿ, ಚೈನಿನ ಎರಡು ಭಾಗಗಳ ಹೆಸರು. ಪೆಡಲಿನ ಚಕ್ರದತ್ತ ಬಿಗಿಯಾಗಿ ಎಳೆಯಲ್ಪಡುವ ಭಾಗಕ್ಕೂ ಹಿಂದಿನ ಗಾಲಿಯತ್ತ ಸಡಿಲವಾಗಿ ಮರಳುವ ಭಾಗಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು, ಏಕೆಂದರೆ ಬೇಗ ಸವೆಯುವುದು ಮೊದಲನೆಯದರ ಗಾಲಿ. ಇವಕ್ಕೆ ‘ಬಿಗಿಯೆಳೆ’, ‘ಸಡಿಲೆಳೆ’ ಎಂದಿಟ್ಟಿದ್ದೇನೆ. ನೂಲಿನ ಎಳೆಯೂ ಸೆಳೆಯುವ ಎಳೆಯೂ ಒಂದೇ ಉಚ್ಚಾರದಲ್ಲಿ ಕೂಡಿಬಂದದ್ದು ನನಗೆ ಇಷ್ಟವಾಯಿತು. ಆದರೆ ‘ಸಡಿಲೆಳೆ’ಯನ್ನು ಓದುಗರು ‘ಸಡಿಲವಾಗಿ ಎಳೆ’ ಎಂಬ ಆಜ್ಞೆಯಾಗಿ ಓದಿ, ಪಾನಾ ಹಿಡಿದ ಕೈಯಲ್ಲೇ ಚೈನನ್ನು ಜಗ್ಗಲು ಹೊರಟಾರೇ ಎಂಬ ಅಳುಕು ಇದ್ದೇ ಇದೆ.