ಓದುಗರ ಸ್ಪಂದನ: 340 ಕಡೆ ಅಪ್ಲೈ ಮಾಡಿದ್ದೀನಿ, ಒಬ್ಬರೂ ಮಾತಾಡ್ಸಿಲ್ಲ

ಹೋದ ವಾರ ಅರಸೀಕೆರೆ ಕಡೆಯ ಓದುಗರೊಬ್ಬರು ಬರೆದಿದ್ದು:

"2023ರಲ್ಲಿ ಬಿಕಾಂ ಮುಗಿಸ್ದೆ, 71 ಪರ್ಸೆಂಟ್, ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಕಲ್ತಿದ್ದೀನಿ. ಯುವನಿಧಿ ದುಡ್ಡು ತಿಂಗಳಿಗೆ 3,000 ಬರ್ತಿತ್ತು, ಎರಡು ವರ್ಷ ಮುಗೀತು, ಅದೂ ನಿಂತೋಯ್ತು. ಮೊಬೈಲಲ್ಲೇ ಕೂತು ಇಲ್ಲಿವರೆಗೂ 340 ಕಡೆ ಅಪ್ಲೈ ಮಾಡಿದ್ದೀನಿ, ಎಲ್ಲಾನೂ ಒಂದು ನೋಟ್‌ಬುಕ್ಕಲ್ಲಿ ಬರ್ದಿಟ್ಟಿದ್ದೀನಿ. ಉತ್ತರ ಬಂದಿದ್ದು 19, ಅಷ್ಟೂ ಮಷಿನ್ ಕಳ್ಸಿದ ಮೇಲ್. ಅಪ್ಪ ಏನೂ ಅನ್ನಲ್ಲ, ಆದ್ರೆ ರಾತ್ರಿ ಊಟಕ್ಕೆ ಕೂತಾಗ ಅವರ ಮುಖ ನೋಡಕ್ಕಾಗಲ್ಲ. ನನ್ನಲ್ಲೇ ಏನೋ ಕೊರತೆ ಇದ್ಯಾ? ಬೆಂಗಳೂರಿಗೆ ಹೋಗಿ ಪಿಜಿಲಿ ಇದ್ದು ಹುಡುಕ್ಲಾ, ಇಲ್ಲೇ ಇದ್ದು ಅಪ್ಲೈ ಮಾಡ್ತಾ ಇರ್ಲಾ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕ, ನಿಮ್ಮ ನೋಟ್‌ಬುಕ್ ವಿಷ್ಯ ಓದಿ ನಂಗೆ ಕಣ್ಣಲ್ಲಿ ನೀರು ಬಂತು, ನನ್ನ ಹತ್ರನೂ ಅಂಥದೇ ಒಂದು ಎಕ್ಸೆಲ್ ಶೀಟಿದೆ, 512 ಸಾಲು. ಸಲಹೆ ಕೊಡೋಷ್ಟು ದೊಡ್ಡವನಲ್ಲ, ಇನ್ನೂ ಹುಡುಕ್ತಾನೇ ಇದೀನಿ. ಒಂದೇ ಒಂದು ಹೇಳ್ತೀನಿ, ರಾತ್ರಿ ಹತ್ತರ ಮೇಲೆ ಅಪ್ಲೈ ಮಾಡೋದು, ಮೇಲ್ ನೋಡೋದು ಎರಡೂ ಬಿಟ್ಬಿಡಿ. ನಾನು ಬಿಟ್ಮೇಲೆ ನಿದ್ದೆನಾದ್ರೂ ಬರ್ತಿದೆ.
— ದಾವಣಗೆರೆ, ಬಿಇ ಮೆಕ್ಯಾನಿಕಲ್

ನೋಡಮ್ಮ, ನಾನು ಆ ಕಡೆಯವನು, ಕೆಲಸ ಕೊಡೋನು. ಪೀಣ್ಯ ಎರಡನೇ ಸ್ಟೇಜಲ್ಲಿ ಶೀಟ್ ಮೆಟಲ್ ಯೂನಿಟ್ ನಡೆಸ್ತೀನಿ, 38 ಜನ ಇದೀವಿ. ಹೋದ ವರ್ಷ ಅಕೌಂಟ್ಸ್ ಅಸಿಸ್ಟೆಂಟ್ ಬೇಕು ಅಂತ ಒಂದು ಪೋರ್ಟಲ್ಲಿಗೆ ದುಡ್ಡು ಕಟ್ಟಿ ಹಾಕ್ದೆ, ಸಂಬಳ 18,000. ಬೆಳಿಗ್ಗೆ ಹತ್ತು ಗಂಟೆಗೆ ಹಾಕಿದ್ದು, ಸಾಯಂಕಾಲ ಮಷಿನ್ ಆಫ್ ಮಾಡೋ ಹೊತ್ತಿಗೆ 400 ದಾಟಿತ್ತು, ಮೂರನೇ ದಿನ 1,140. ನಮ್ಮಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ, ನಾನೇ, ಇಲ್ಲಾಂದ್ರೆ ನನ್ನ ಹೆಂಡತಿ. ಸಿವಿಲ್ ಇಂಜಿನಿಯರ್‌ಗಳು ಹಾಕಿದ್ರು, ಲ್ಯಾಬ್ ಟೆಕ್ನಿಷಿಯನ್ ಹಾಕಿದ್ರು, ಒಡಿಶಾದಿಂದ, ಜಾರ್ಖಂಡಿಂದ ಹಾಕಿದ್ರು, ಒಬ್ಬರೇ ಮೂರು ಸಲ ಹಾಕಿದ್ರು. ಒಂದು ಬಟನ್ ಒತ್ತಿದ್ರೆ ಹೋಗುತ್ತೆ ಅಂದ್ಮೇಲೆ ಯಾರು ಪೂರ್ತಿ ಓದಿ ಹಾಕ್ತಾರೆ, ಅವರದ್ದೂ ತಪ್ಪಲ್ಲ, ಯಾರೂ ಉತ್ತರ ಕೊಡಲ್ಲ ಅಂತ ಅವರು ನೂರು ಕಡೆ ಹಾಕ್ತಾರೆ, ನೂರು ಕಡೆ ಹಾಕ್ತಾರೆ ಅಂತ ನಮಗೆ ಓದಕ್ಕಾಗಲ್ಲ, ಓದಕ್ಕಾಗಲ್ಲ ಅಂತ ನಾವು ಉತ್ತರ ಕೊಡಲ್ಲ.

ಆಮೇಲೆ ಏನ್ಮಾಡ್ದೆ ಅಂತ ಹೇಳಕ್ಕೆ ಮನಸ್ಸಿಗೆ ಕಷ್ಟ ಆಗುತ್ತೆ, ಆದ್ರೂ ಹೇಳ್ತೀನಿ. ಫಿಲ್ಟರ್ ಹಾಕ್ದೆ. ಬೆಂಗಳೂರಲ್ಲೇ ಇರೋರು, ಒಂದು ವರ್ಷ ಎಕ್ಸ್‌ಪೀರಿಯನ್ಸ್, 15 ದಿನದಲ್ಲಿ ಸೇರೋರು. 1,140 ಇದ್ದಿದ್ದು 90 ಆಯ್ತು, ಅದರಲ್ಲೂ ಮೇಲಿನ 40 ನೋಡಿ ನಿಲ್ಲಿಸ್ದೆ. ಊರು ಅರಸೀಕೆರೆ ಅಂತ ಇದ್ದೋರೆಲ್ಲ ಆ ಒಂದು ಟಿಕ್ಕಲ್ಲಿ ಹೊರಗೆ ಹೋದ್ರು. ನಿಮ್ಮ 340ರಲ್ಲಿ ನಮ್ಮದೂ ಒಂದಿರಬಹುದಮ್ಮ. ಕೊರತೆ ಇದ್ಯಾ ಅಂತ ಕೇಳಿದ್ರಲ್ಲ, ನಿಮ್ಮ ಹೆಸರು ನನ್ನ ಕಣ್ಣಿಗೇ ಬಿದ್ದಿಲ್ಲ, ಕೊರತೆ ಎಲ್ಲಿಂದ ಕಾಣ್ಬೇಕು.

ನಮ್ಮ ಪಾಡೂ ಕೇಳಿ. 40 ಜನಕ್ಕೆ ಫೋನ್ ಮಾಡಿದ್ರೆ 22 ಜನ ಎತ್ತಿದ್ರು, 9 ಜನ ಬರ್ತೀವಿ ಅಂದ್ರು, ಬಂದಿದ್ದು 3. ಒಬ್ಬ ಹುಡುಗನಿಗೆ ಸರಿ ಅಂದ್ವಿ, ಸೋಮವಾರ ಸೇರ್ತೀನಿ ಅಂದೋನು ಬರಲೇ ಇಲ್ಲ, ಫೋನ್ ಸ್ವಿಚ್ ಆಫ್. ಅಷ್ಟರಲ್ಲಿ 11ನೇ ತಾರೀಖಿನ ಜಿಎಸ್‌ಟಿಆರ್-1, ಅಂದ್ರೆ ಮಾರಾಟದ ಬಿಲ್ ತೋರಿಸೋ ಜಿಎಸ್‌ಟಿ ರಿಟರ್ನ್, ತಪ್ಪಿಹೋಗಿ ನಮ್ಮ ಬಿಲ್ ಕಾಣ್ತಿಲ್ಲ ಅಂತ ಕಸ್ಟಮರ್ ಪೇಮೆಂಟ್ ಹಿಡ್ಕೊಂಡ್ರು. ಕೊನೆಗೆ ನಮ್ಮ ಆಡಿಟರಿಗೆ ಹೇಳ್ದೆ. ಅವರ ಆಫೀಸಲ್ಲಿ ಎರಡು ವರ್ಷ ಕೆಲಸ ಕಲಿತಿದ್ದ ಮಾಗಡಿ ಕಡೆ ಹುಡುಗಿ ನಾಲ್ಕೇ ದಿನದಲ್ಲಿ ಬಂದು ಸೇರಿದ್ಲು, ಈಗ್ಲೂ ಇದ್ದಾಳೆ. ಪೋರ್ಟಲ್ಲಿಗೆ ಕಟ್ಟಿದ್ದು ನೀರಲ್ಲಿ ಹೋಮ ಮಾಡ್ದಂಗಾಯ್ತು.

ಹಾಕೋದಾದ್ರೆ ಅವತ್ತೇ ಬಂದಿರೋ ಕೆಲಸಕ್ಕೆ ಬೆಳಿಗ್ಗೆನೇ ಹಾಕಿ, ವಾರ ಹಳೇದಾಗಿದ್ರೆ ಬಿಟ್ಬಿಡಿ. ನಮ್ಮಂಥ ಸಣ್ಣ ಯೂನಿಟ್ ಆದ್ರೆ ಆಫೀಸ್ ನಂಬರ್ ಹುಡುಕಿ ಫೋನ್ ಮಾಡಿ. ಆ 1,140 ಜನರಲ್ಲಿ ಫೋನ್ ಮಾಡಿ "ಸರ್, ನನ್ನ ಅರ್ಜಿ ನೋಡಿದ್ರಾ" ಅಂತ ಕೇಳಿದೋರು ಇಬ್ಬರೇ, ಆ ಇಬ್ಬರದ್ದನ್ನೂ ನಾನು ತೆಗೆದು ನೋಡ್ದೆ.
— ಪೀಣ್ಯ, ಬೆಂಗಳೂರು

ಪೀಣ್ಯಾದ ಸರ್ ಹೇಳಿದ್ದು ಖರೆ ಐತಿ. ನಂದೂ ಬಿಕಾಂನ. ಎಂಟ ತಿಂಗಳ ಬರೇ ಮೊಬೈಲ್ ತಿಕ್ಕೋದ ಆಗಿತ್ತ. ಒಂದಿನ ನಮ್ಮ ಕಾಕಾ ಬೈದ್ರು, ಅದನ್ನ ಕೆಳಗಿಡ, ಪ್ರಿಂಟ್ ತಗೊಂಡ ಹೋಗ ಅಂತ. 20 ಕಾಪಿ ಹಿಡಕೊಂಡ ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾ ಎಲ್ಲಾ ತಿರುಗಿದ್ನಿ. ಭಾಳ ಕಡೆ ವಾಚಮನ್ನರು ಗೇಟಿನ್ಯಾಗ ಇಸ್ಕೊಂಡ ಕಳಿಸಿದ್ರು, ಎರಡ ಕಡೆ ಅಷ್ಟ ಒಳಗ ಕರದ್ರು. ಕೆಲಸ ಅಲ್ಲೆಲ್ಲೂ ಸಿಗಲಿಲ್ಲ, ಹೊಳ್ಳಿ ಬರೋ ಮುಂದ ಒಂದ ಸಿಎ ಆಫೀಸಿನ ಬೋರ್ಡ್ ಕಂಡು ಮ್ಯಾಲ ಹತ್ತಿ ಕೇಳಿದ್ನಿ, ನಾಳಿಂದ ಬಾ ಅಂದ್ರು. ಪಗಾರ 9,000. ಇಷ್ಟಕ್ಕ ಯಾಕ ಹೋಗ್ತಿ ಅಂತ ಮನ್ಯಾಗ ಎಲ್ಲಾರೂ ಬ್ಯಾಡ ಅಂದ್ರು, ನಾ ಹ್ವಾದ್ನಿ. 14 ತಿಂಗಳದಾಗ ಟಿಡಿಎಸ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ತಾಳೆ ನೋಡೋದ ಎಲ್ಲಾ ಕೈಗೆ ಬಂತ. ಈಗ ಒಬ್ಬ ವೆಹಿಕಲ್ ಡೀಲರ್ ಕಡೆ 21,000ಕ್ಕ ಅದೀನಿ, ಅದು ಆನ್‌ಲೈನ್ ಹಾಕೇ ಸಿಕ್ಕಿದ್ದ ಮತ್ತ. ಎಕ್ಸ್‌ಪೀರಿಯನ್ಸ್ ಅನ್ನೋ ಖಾನೆದಾಗ ಸೊನ್ನಿ ಇದ್ದಾಗ ಒಬ್ಬರೂ ನೋಡಲಿಲ್ಲ, ಅಲ್ಲೆ ಒಂದ ಅಂತ ಬಿದ್ದ ಕೂಡ್ಲೆ ಅವರೇ ಫೋನ್ ಹಚ್ಚಿದ್ರು. ಆ ಸೊನ್ನಿ ಅಳಿಸೋದ ನೋಡ ತಂಗಿ, ಎಲ್ಲೆರ, ಎಷ್ಟಕ್ಕೆರ.
— ಹುಬ್ಬಳ್ಳಿ

ಪ್ರಿಂಟ್ ಹಿಡ್ಕೊಂಡು ಹೋಗೋದು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಡೆಯುತ್ತೆ, ಟೆಕ್ ಪಾರ್ಕಲ್ಲಿ ನಡೆಯಲ್ಲ, ಗೇಟಲ್ಲಿ ಪಾಸ್ ಇಲ್ಲದೆ ಒಳಗೇ ಬಿಡಲ್ಲ. ಅದಕ್ಕೇ ಬೆಂಗಳೂರಿಗೆ ಬಂದು ಪಿಜಿಗೆ ದುಡ್ಡು ಸುರಿಬೇಡಿ, ಕೆಲಸ ಕೈಗೆ ಬರೋವರೆಗೆ. ನಾನು ಔಟರ್ ರಿಂಗ್ ರೋಡಲ್ಲಿ ದೊಡ್ಡ ಕಂಪನಿಗೆ ರಿಕ್ರೂಟ್‌ಮೆಂಟ್ ಮಾಡ್ತೀನಿ, 11 ವರ್ಷ ಆಯ್ತು. ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಅರ್ಜಿಗಳೆಲ್ಲ ಎಟಿಎಸ್ ಅನ್ನೋ ಸಾಫ್ಟ್‌ವೇರಿಗೆ ಬೀಳ್ತವೆ. ರೋಬೋ ರಿಜೆಕ್ಟ್ ಮಾಡುತ್ತೆ ಅಂತ ಎಲ್ಲರೂ ಹೆದರ್ತಾರೆ, ನಾನು ಕೆಲಸ ಮಾಡಿದ ಕಡೆಯೆಲ್ಲ ತಾನಾಗೇ ರಿಜೆಕ್ಟ್ ಆಗಿದ್ದು ಹೆಚ್ಚಾಗಿ ಅಪ್ಲೈ ಮಾಡುವಾಗ ಕೇಳೋ ಪ್ರಶ್ನೆಗಳಿಂದ, ಯಾವಾಗ ಸೇರ್ತೀರ, ಎಷ್ಟು ವರ್ಷ ಅನುಭವ, ಬೆಂಗಳೂರಿಗೆ ಬರ್ತೀರಾ, ಅಲ್ಲಿ ಒಂದು "ಇಲ್ಲ" ಬಿತ್ತು ಅಂದ್ರೆ ಮುಂದಿನದು ನಮಗೆ ಬರೋದೇ ಇಲ್ಲ. ನೀವು ಬೆಂಗಳೂರಿಗೆ ಬರಕ್ಕೆ ರೆಡಿ ಇದ್ರೆ ಪ್ರೊಫೈಲಲ್ಲೇ ಅದನ್ನ ಟಿಕ್ ಮಾಡಿಡಿ, ಪೀಣ್ಯದವರು ಹಾಕಿದ ಅಂಥ ಫಿಲ್ಟರ್ ದಾಟಕ್ಕೆ ಅದೊಂದು ದಾರಿ. ಉಳಿದಿದ್ದನ್ನ ನಮ್ಮಂಥ ಮನುಷ್ಯರೇ ನೋಡೋದು, ಆದ್ರೆ ಹತ್ತು ಒಳ್ಳೇವರು ಸಿಕ್ಕಿದ ಕೂಡ್ಲೇ ನಿಲ್ಲಿಸ್ತೀವಿ, ಹನ್ನೊಂದನೇ ಅರ್ಜಿ ಇನ್ನೂ ಚೆನ್ನಾಗಿದ್ರೂ ಅದು ಹಂಗೇ ಉಳಿಯುತ್ತೆ. ಕಂಪನಿಲಿ ಇರೋರು ಯಾರಾದ್ರೂ ರೆಫರ್ ಮಾಡಿದ್ರೆ ಅದನ್ನ ಮೊದಲು ನೋಡ್ತೀವಿ. ಕೆಲಸ ತುಂಬಿದ ಮೇಲೂ ಜಾಹೀರಾತು ತೆಗೆಯೋದು ಮರೀತೀವಿ, ಅಷ್ಟು ದಿನಾನೂ ಜನ ಹಾಕ್ತಾನೇ ಇರ್ತಾರೆ. ಆ ಪೊಸಿಷನ್ ಕ್ಲೋಸ್ ಮಾಡಿದಾಗ ಎಲ್ಲರಿಗೂ ಒಟ್ಟಿಗೆ ಒಂದು ಮೇಲ್ ಹೋಗುತ್ತೆ, ನಿಮಗೆ ಬಂದ 19 ಅಂಥವೇ ಇರ್ಬೇಕು. ಅದು ನಿಮ್ಮ ಬಗ್ಗೆ ಯಾರೋ ಕೂತು ಯೋಚನೆ ಮಾಡಿ ಬರೆದಿದ್ದಲ್ಲ.

ಹಂಗಂತ ಸಾಫ್ಟ್‌ವೇರ್ ಮೇಲೆ ಬಿಟ್ಟು ನೆಮ್ಮದಿಯಾಗಿ ಕೂರೋ ಕಾಲವೂ ಅಲ್ಲ. ಅಮೆಜಾನ್‌ನವರು ಅರ್ಜಿಗಳಿಗೆ ಸ್ಟಾರ್ ಕೊಡೋ ಒಂದು ಎಐ ಟೂಲ್ ಮಾಡ್ತಿದ್ರು, ಹತ್ತು ವರ್ಷದ ಹಳೇ ಅರ್ಜಿಗಳನ್ನ ಕೊಟ್ಟು ಕಲಿಸಿದ್ರು, ಅದರಲ್ಲಿ ಹೆಚ್ಚಿನವು ಗಂಡಸರದ್ದೇ. ಅದು ಹೆಂಗಸರ ಕ್ಲಬ್ಬು, ಹೆಂಗಸರ ಕಾಲೇಜು ಅಂತ ಇದ್ರೆ ಅಂಕ ಕಡಿಮೆ ಮಾಡಕ್ಕೆ ಶುರು ಮಾಡ್ತು, ಸರಿ ಮಾಡಕ್ಕೆ ನೋಡಿ ಆಗ್ದೆ ಕೈಬಿಟ್ರು, 2018ರಲ್ಲಿ ರಾಯಿಟರ್ಸ್ ಇದನ್ನ ಹೊರಗೆ ಹಾಕ್ತು. ಮಹಿಳಾ ಕಾಲೇಜಲ್ಲಿ ಓದಿದವಳು ನಾನೂ. ನಮ್ಮಲ್ಲಿರೋ ಟೂಲ್ ಯಾರಿಗೋ ಕಡಿಮೆ ಅಂಕ ಕೊಟ್ಟಾಗೆಲ್ಲ ಆ ಅರ್ಜಿ ತೆಗೆದು ಒಂದ್ಸಲ ನಾನೇ ಓದ್ತೀನಿ, ಟೈಮ್ ಸಾಲಲ್ಲ, ಆದ್ರೂ.

ನಿಮ್ಮ ರೆಸ್ಯೂಮೆ ನೋಡಿಲ್ಲ, ಆದ್ರೆ ಮೊಬೈಲಲ್ಲೇ ಅಪ್ಲೈ ಮಾಡಿರೋದು ಅಂದ್ರಿ. ಎರಡು ಕಾಲಂ ಇರೋ ಬಣ್ಣದ ಟೆಂಪ್ಲೇಟ್ ಬೇಡ, ಸಾಫ್ಟ್‌ವೇರ್ ಓದುವಾಗ ಎಡದ್ದು ಬಲದ್ದು ಕಲಸಿಹೋಗುತ್ತೆ. ಕಾಗದದ ಫೋಟೋ ತೆಗೆದು ಪಿಡಿಎಫ್ ಮಾಡಿದ್ರಂತೂ ಅದಕ್ಕೆ ಸರಿಯಾಗಿ ಓದಕ್ಕೇ ಬರದೆ ಇರಬಹುದು. ಒಂದು ಪುಟ, ಒಂದೇ ಕಾಲಂ. ಎಐ ಹತ್ರ ಬರೆಸಿದ ದೊಡ್ಡ ದೊಡ್ಡ ಇಂಗ್ಲಿಷ್ ವಾಕ್ಯ ಈಗ ಎಲ್ಲರದ್ದೂ ಒಂದೇ ಥರ ಇರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ. ಟ್ಯಾಲಿಲಿ ನಿಮಗೆ ನಿಜವಾಗಿ ಏನು ಮಾಡಕ್ಕೆ ಬರುತ್ತೆ, ಅಷ್ಟು ಬರೀರಿ.
— ಬೆಂಗಳೂರು

ರಿಜಿಸ್ಟ್ರೇಷನ್ ಫೀಸ್ ಕೇಳಿದ್ರೆ ಕೊಡಬೇಡಿ. ಲ್ಯಾಪ್‌ಟಾಪ್ ಡೆಪಾಸಿಟ್ ಅಂದ್ರೂ ಕೊಡಬೇಡಿ, ಟೆಲಿಗ್ರಾಂನಲ್ಲಿ ಟಾಸ್ಕ್ ಮಾಡಿ ದುಡ್ಡು ತಗೊಳಿ ಅಂದ್ರೂ ಹೋಗಬೇಡಿ. ನನ್ನ ತಮ್ಮ ಪೋರ್ಟಲ್ಲಲ್ಲಿ ನಂಬರ್ ಹಾಕಿದ ಎರಡನೇ ದಿನ ಫೋನ್ ಬಂತು, ನೀಟಾಗಿ ಕನ್ನಡದಲ್ಲೇ ಮಾತಾಡಿ, ಲೆಟರ್‌ಹೆಡ್ ಇರೋ ಆಫರ್ ಲೆಟರ್ ಕಳ್ಸಿ 12,500 ಹಾಕಿಸ್ಕೊಂಡ್ರು. ಅಮ್ಮನ ಸಂಘದ ಸಾಲದ ದುಡ್ಡು ಅದು. ನಾಚಿಕೆ ಪಟ್ಟು ನಾಲ್ಕು ದಿನ ಯಾರಿಗೂ ಹೇಳ್ಲಿಲ್ಲ, ಅಷ್ಟರಲ್ಲಿ ದುಡ್ಡು ಅಕೌಂಟಿಂದ ಅಕೌಂಟಿಗೆ ಹೋಗಿಬಿಟ್ಟಿತ್ತು. ಇಂಥದ್ದಾದ್ರೆ ಆ ಗಂಟೆಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು. ಕೆಲಸ ಇಲ್ದೆ ನಾಲ್ಕು ತಿಂಗಳು ಕಳೆದೋರು ಬಂದ ಮೊದಲ ಫೋನನ್ನ ಹೆಂಗೆ ನಂಬ್ತಾರೆ ಅಂತ ನಮ್ಮನೇಲಿ ನೋಡಿದ್ದೀನಿ.
— ಚಿತ್ರದುರ್ಗ

ಎಲ್ಲರೂ ಆನ್‌ಲೈನ್ ಬೈತಿದ್ದಾರೆ, ನನಗೆ ಕಣ್ಣು ಕಾಣಲ್ಲ, ನನ್ನದೂ ಕೇಳಿ. ಮೊದ್ಲು ಒಂದು ಫಾರಂ ತುಂಬಕ್ಕೆ ಯಾರದ್ದಾದ್ರೂ ಕೈಕಾಲು ಹಿಡೀಬೇಕಿತ್ತು, ನನ್ನ ಅಂಕ, ನನ್ನ ಮನೆ ವಿಷ್ಯ ಎಲ್ಲ ಅವರಿಗೆ ಹೇಳ್ಬೇಕಿತ್ತು. ಈಗ ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಇಟ್ಕೊಂಡು ನಾನೇ ತುಂಬ್ತೀನಿ, ನನಗೆ ಕೆಲಸ ಸಿಕ್ಕಿದ್ದೂ ಹಂಗೇ. ಆದ್ರೆ ಚಿತ್ರ ನೋಡಿ ಗುರುತು ಹಿಡೀರಿ ಅನ್ನೋ ಕ್ಯಾಪ್ಚಾ ಬಂತು ಅಂದ್ರೆ ಅಲ್ಲಿಗೆ ಮುಗೀತು, 40 ನಿಮಿಷ ತುಂಬಿದ್ದೆಲ್ಲ ಹೋಯ್ತು. ಕಂಪನಿಯವರು ಯಾರಾದ್ರೂ ಓದ್ತಿದ್ರೆ ನಿಮ್ಮ ಅರ್ಜಿ ಪುಟವನ್ನ ಕಣ್ಣು ಮುಚ್ಕೊಂಡು ಒಂದ್ಸಲ ತುಂಬಿ ನೋಡಿ.
— ಮೈಸೂರು

ನಾನು ಉದ್ಯೋಗ ವಿನಿಮಯ ಕೇಂದ್ರದಲ್ಲಿ 31 ವರ್ಷ ಇದ್ದು ನಿವೃತ್ತನಾದವನು. ನಮ್ಮ ಕಾಲದಲ್ಲಿ ಹುಡುಗರು ಮಾರ್ಕ್ಸ್ ಕಾರ್ಡ್ ಹಿಡಿದು ಬಂದು ಸಾಲಲ್ಲಿ ನಿಂತು ಕಾರ್ಡ್ ಮಾಡಿಸೋರು, ಮೂರು ವರ್ಷಕ್ಕೊಮ್ಮೆ ರಿನ್ಯೂವಲ್. ಅದರಿಂದ ಎಲ್ಲರಿಗೂ ಕೆಲಸ ಸಿಗ್ತಿತ್ತು ಅಂತ ಸುಳ್ಳು ಹೇಳಲ್ಲ. 25 ಜನ ಅಥವಾ ಅದಕ್ಕಿಂತ ಹೆಚ್ಚಿರೋ ಖಾಸಗಿಯವರೂ ಖಾಲಿ ಹುದ್ದೆ ನಮಗೆ ತಿಳಿಸ್ಬೇಕು ಅಂತ 1959ರಲ್ಲೇ ಕಾಯ್ದೆ ಬಂದಿತ್ತು, ನಮ್ಮ ಆಫೀಸಿಗಂತೂ ತಿಳಿಸ್ತಿದ್ದೋರು ಬಹಳ ಕಡಿಮೆ. ಆದ್ರೆ ಕಾರ್ಡ್ ಮೇಲೆ ಒಂದು ನಂಬರ್ ಇರ್ತಿತ್ತು, ಸೀನಿಯಾರಿಟಿ ಎಲ್ಲಿಗೆ ಬಂದಿದೆ ಅಂತ ಕೌಂಟರಲ್ಲಿ ಬಂದು ಕೇಳಬಹುದಿತ್ತು. ಬಂದವರಿಗೆ ರಿಜಿಸ್ಟರ್ ತೆಗೆದು ತೋರಿಸ್ತಿದ್ವಿ. ಈ ಮಗು 340 ಕಡೆ ಕೇಳಿದೆ, ತನ್ನ ಸರದಿ ಎಲ್ಲಿದೆ ಅಂತ ಒಂದು ಕಡೆನೂ ಗೊತ್ತಾಗಿಲ್ಲ. ಅದು ನನಗೆ ತಡೆಯಕ್ಕಾಗ್ತಿಲ್ಲ.

ಹಾಸನದಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ, ಒಂದ್ಸಲ ಹೋಗಿಬನ್ನಿ, ಉದ್ಯೋಗ ಮೇಳ ಯಾವಾಗಿದೆ ಕೇಳಿ, ಅಲ್ಲಾದ್ರೆ ಎದುರಿಗೆ ಕೂತು ಮಾತಾಡ್ತಾರೆ. 2015ರಿಂದ ನ್ಯಾಷನಲ್ ಕೆರಿಯರ್ ಸರ್ವಿಸ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ, ಫ್ರೀ. ಇನ್ನೊಂದು, ಪದವೀಧರರಿಗೆ ಅಪ್ರೆಂಟಿಸ್ ಯೋಜನೆ ಇದೆ, ನ್ಯಾಟ್ಸ್ ಅಂತಾರೆ, ಬರೀ ಇಂಜಿನಿಯರಿಂಗ್‌ನವರಿಗೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಬಿಕಾಂನವರೂ ಹಾಕಬಹುದು. ಸ್ಟೈಪೆಂಡೂ ಬರುತ್ತೆ, ಕೊನೆಗೆ ಸರ್ಟಿಫಿಕೇಟೂ. ಹುಬ್ಬಳ್ಳಿಯವರು ಹೇಳಿದ ಆ ಸೊನ್ನೆ ಅಳಿಸಕ್ಕೆ ಅದೂ ಒಂದು ದಾರಿ.
— ಶಿವಮೊಗ್ಗ

ತಿಪಟೂರಲ್ಲಿ ಆಡಿಟರ್ ಆಫೀಸ್ ಇದೆ ನಮ್ಮದು, ನಾಲ್ಕು ಜನ ಇದೀವಿ. ರಿಟರ್ನ್ ಸೀಸನ್ ಬಂದ್ರೆ ರಾತ್ರಿ ಹತ್ತಾದ್ರೂ ಮನೆಗೆ ಹೋಗಕ್ಕಾಗಲ್ಲ, ಕೊಬ್ಬರಿ ಮಂಡಿಯವರ ಲೆಕ್ಕನೇ ರಾಶಿ ಬೀಳುತ್ತೆ. ಒಬ್ಬರು ಬೇಕು ಅಂತ ಒಂದು ವರ್ಷದಿಂದ ಅನ್ಕೊಳ್ತಿದ್ದೀನಿ, ಆನ್‌ಲೈನಲ್ಲಿ ಹಾಕಿಲ್ಲ, ಪೀಣ್ಯದವರಿಗೆ ಆದಂಗೆ ಸಾವಿರ ಬಂದ್ರೆ ಯಾರು ನೋಡೋದು ಅಂತ. ನೀವು 340 ಕಡೆ ಹುಡುಕ್ತಿದ್ರಿ, ನಾನು ಇಲ್ಲೇ ಹತ್ತಿರದ ಸ್ಟೇಷನ್ನಲ್ಲಿ ಕೂತು ಯಾರೂ ಸಿಗ್ತಿಲ್ಲ ಅಂತಿದ್ದೆ. ಸಂಬಳ ಜಾಸ್ತಿ ಇಲ್ಲಮ್ಮ, ಶುರುಗೆ 10,000 ಕೊಡಬಹುದು, ಟ್ರೇನ್ ಪಾಸ್ ಬೇರೆ. ಈ ಪತ್ರ ನಡೆಸೋರ ಹತ್ರ ನನ್ನ ನಂಬರ್ ಕೊಟ್ಟಿದ್ದೀನಿ, ಇಸ್ಕೊಂಡು ಫೋನ್ ಮಾಡಿ, ಅಪ್ಪನ್ನೂ ಕರ್ಕೊಂಡು ಒಂದಿನ ಬನ್ನಿ. ರೆಸ್ಯೂಮೆ ಬೇಡ. ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡ್ತೀನಿ, ಟ್ಯಾಲಿಲಿ ಎಂಟ್ರಿ ಮಾಡಿ ತೋರಿಸಿ. ಸೋಮವಾರ ಬಿಟ್ಟು ಯಾವ ದಿನ ಆದ್ರೂ ಇರ್ತೀನಿ.
— ತಿಪಟೂರು