ಕೆಗ್‌ನಿಂದ ಬಗ್ಗಿಸಿದರೆ ಮುಕ್ಕಾಲು ಲೋಟ ನೊರೆ, ಪ್ರೆಶರ್ ಇಳಿಸಿದರೂ ನಿಲ್ಲುತ್ತಿಲ್ಲ

ಹಾಪ್ಸ್‌ಪ್ರಿಯ:
19 ಲೀಟರ್ ಕಾರ್ನಿ ಕೆಗ್ (ಬಿಯರ್ ತುಂಬಿಡೋ ಸ್ಟೀಲ್ ಪಾತ್ರೆ), ಒಳಗೆ ಪೇಲ್ ಏಲ್ ಬಿಯರ್. ಫ್ರಿಜ್ 4 ಡಿಗ್ರಿ ಸೆಲ್ಸಿಯಸ್, ಗ್ಯಾಸ್ ರೆಗ್ಯುಲೇಟರ್ 12 ಪಿಎಸ್‌ಐ (ಒತ್ತಡದ ಅಳತೆ). ಲೈನ್ (ಕೆಗ್‌ನಿಂದ ಟ್ಯಾಪಿಗೆ ಬಿಯರ್ ತರೋ ಪೈಪ್) ಒಂದೂವರೆ ಮೀಟರ್ ವಿನೈಲ್, ಒಳವ್ಯಾಸ 4.8 ಮಿ.ಮೀ. ಟ್ಯಾಪ್ ಇರೋದು ಫ್ರಿಜ್ ಮೇಲಿನ ಟವರ್‌ನಲ್ಲಿ (ಟೊಳ್ಳು ಕಂಬದಲ್ಲಿ). ಬಿಯರಿಗೆ ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ಹಿಡಿಸಿದ್ದು 30 ಪಿಎಸ್‌ಐನಲ್ಲಿ ಎರಡು ದಿನ, ನಡುನಡುವೆ ಕೆಗ್ ಅಲುಗಾಡಿಸಿ. ಮೊದಲ ಲೋಟ ಮುಕ್ಕಾಲು ನೊರೆ, ಎರಡನೆಯದು ಅರ್ಧ. 5 ಪಿಎಸ್‌ಐಗೆ ಇಳಿಸಿ ನೋಡಿದರೂ ನೊರೆ ಕಮ್ಮಿಯಾಗಿಲ್ಲ. ಎಲ್ಲಿಂದ ಶುರು ಮಾಡಲಿ?

ಮಾಲ್ಟ್‌ಮನೆ:
ಮೊದಲು ಪ್ರೆಶರ್ ವಾಪಸ್ 12ಕ್ಕೆ ತನ್ನಿ. ಎಲ್ಲರೂ ಮೊದಲು ಮಾಡೋ ತಪ್ಪೇ ಇದು. ಬಿಯರ್‌ನಲ್ಲಿ ಕರಗಿರೋ ಗ್ಯಾಸನ್ನು ಹಿಡಿದಿಡೋದೇ ಆ ಒತ್ತಡ. ಅದನ್ನು ಇಳಿಸಿದರೆ ಗ್ಯಾಸ್ ಲೈನ್‌ನಲ್ಲೇ ಬಿಟ್ಟುಕೊಳ್ಳುತ್ತೆ, ಟ್ಯಾಪಿಗೆ ಬರೋದು ಬಿಯರ್ ಅಲ್ಲ, ನೊರೆ. ಹಾಗೇ ವಾರ ಬಿಟ್ಟರೆ ಬಿಯರ್ ಸಪ್ಪೆಯಾಗೋದು ಬೇರೆ.

ಇನ್ನು ಲೈನ್. 12 ಪಿಎಸ್‌ಐಗೆ ಒಂದೂವರೆ ಮೀಟರ್ ಸಾಲದು. 4.8 ಮಿ.ಮೀ. ವಿನೈಲ್ ಆದರೆ 3 ಮೀಟರ್ ಹಾಕಿ. ಉದ್ದ ಹೆಚ್ಚಾದರೆ ಬಿಯರ್ ನಿಧಾನ ಬರುತ್ತೆ ಅಷ್ಟೆ, ಆಮೇಲೆ ಒಂದೊಂದು ಗೇಣು ಕತ್ತರಿಸಬಹುದು. ಅರ್ಧ ಲೀಟರ್ ತುಂಬಲು 8ರಿಂದ 10 ಸೆಕೆಂಡ್ ಹಿಡಿದರೆ ಸರಿ. ಕಾಲಿಂಚಿನ, ಅಂದರೆ ಇನ್ನೂ ಅಗಲದ ಲೈನ್‌ಗೆ ಬದಲಾಯಿಸೋ ಯೋಚನೆ ಬೇಡ, ಬಿಯರ್ ವೇಗಕ್ಕೆ ಅದೇ ತಡೆ ಸಿಗೋಕೆ ಮೂರು ನಾಲ್ಕು ಪಟ್ಟು ಉದ್ದ ಬೇಕಾಗುತ್ತೆ.

ಹೊಸ ಲೈನ್ ತರೋಕೆ ಮುಂಚೆ ಟಾರ್ಚ್ ಹಿಡಿದು ಹಳೇ ಲೈನ್ ನೋಡಿ. ಗುಳ್ಳೆ ಹುಟ್ಟೋದು ಎಲ್ಲಿ? ಕೆಗ್ ಕಡೆಯ ತುದಿಯಲ್ಲೋ, ಟವರ್ ಹತ್ತಿರವೋ, ಟ್ಯಾಪಿನಲ್ಲೋ? ಅರ್ಧ ಉತ್ತರ ಅಲ್ಲೇ ಇದೆ.

ಹಾಪ್ಸ್‌ಪ್ರಿಯ:
12ಕ್ಕೆ ಏರಿಸಿ ರಾತ್ರಿ ಬಿಟ್ಟು ನೋಡಿದೆ. ಡಿಸ್‌ಕನೆಕ್ಟ್ (ಲೈನನ್ನು ಕೆಗ್‌ಗೆ ಸಿಕ್ಕಿಸೋ ತುಂಡು) ಹತ್ತಿರವೇ ಸಣ್ಣ ಗುಳ್ಳೆಗಳು. ಬಗ್ಗಿಸದೆ ಒಂದು ಗಂಟೆ ಬಿಟ್ಟರೂ ಲೈನಿನ ಮೇಲ್ಭಾಗದಲ್ಲಿ ಎರಡು ಬೆರಳಷ್ಟು ಖಾಲಿ ಜಾಗ ಆಗುತ್ತೆ.

ಕೆಗ್‌ಮಿತ್ರ:
ಸುಮ್ಮನೆ ಬಿಟ್ಟಾಗಲೂ ಖಾಲಿ ಜಾಗ ಆಗ್ತಿದೆ ಅಂದರೆ ಹೆಚ್ಚಾಗಿ ಗ್ಯಾಸ್ ಅತಿಯಾಗಿದೆ. ಬಗ್ಗಿಸುವಾಗ ಮಾತ್ರ ಗುಳ್ಳೆ ಬಂದಿದ್ದರೆ ಓ-ರಿಂಗ್ (ಸೋರದಂತೆ ತಡೆಯೋ ರಬ್ಬರ್ ಬಳೆ) ಮೇಲೆ ಅನುಮಾನ ಪಡುತ್ತಿದ್ದೆ. 4 ಡಿಗ್ರಿಯಲ್ಲಿ 12 ಪಿಎಸ್‌ಐ ಅಂದರೆ ಸುಮಾರು 2.5 ವಾಲ್ಯೂಮ್ (ಬಿಯರಿನ ಗಾತ್ರದ ಎಷ್ಟು ಪಟ್ಟು ಗ್ಯಾಸ್ ಕರಗಿದೆ ಅನ್ನೋ ಅಳತೆ), ಪೇಲ್ ಏಲ್‌ಗೆ ಹದವಾದದ್ದು. 30ರಲ್ಲೇ ಪೂರ್ತಿ ಹಿಡಿಸಿಬಿಟ್ಟರೆ 4 ವಾಲ್ಯೂಮ್ ಹತ್ತಿರ ಹೋಗುತ್ತೆ. ನೀವು ಅಲುಗಾಡಿಸಿದ್ದರಿಂದ ಅದು ಬೇಗ ಹಿಡಿದಿರಬೇಕು.

ಗ್ಯಾಸ್ ಬಿಡಿಸೋದು ಹೀಗೆ: ಮೊದಲು ಗ್ಯಾಸ್ ಡಿಸ್‌ಕನೆಕ್ಟ್ ಕಳಚಿ. ಇದನ್ನು ಮರೆತು ರೆಗ್ಯುಲೇಟರ್ ಇಳಿಸಿದರೆ, ಚೆಕ್ ವಾಲ್ವ್ (ಹಿಮ್ಮುಖ ಹರಿವು ತಡೆಯೋ ಕವಾಟ) ಇಲ್ಲದಿದ್ದಲ್ಲಿ, ತುಂಬಿದ ಕೆಗ್‌ನ ಬಿಯರ್ ಗ್ಯಾಸ್ ಪೈಪಿಗೆ ನುಗ್ಗಿ ರೆಗ್ಯುಲೇಟರ್ ತನಕ ಹೋಗಬಹುದು. ಆಮೇಲೆ ಕೆಗ್‌ನ ರಿಲೀಫ್ ವಾಲ್ವ್ (ಒತ್ತಡ ಹೊರಬಿಡೋ ಕವಾಟ) ಉಂಗುರವನ್ನು ಸ್ವಲ್ಪಸ್ವಲ್ಪವೇ ಎಳೆದು ಬಿಡಿ. ಒಂದೇ ಸಲ ಎಳೆದರೆ ಅಲ್ಲಿಂದಲೇ ನೊರೆ ಉಕ್ಕುತ್ತೆ. ಮೂರು ನಾಲ್ಕು ಗಂಟೆಗೊಮ್ಮೆ ಹೀಗೆ ಮಾಡಿ. ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಗ್ಯಾಸ್ ಪೋಸ್ಟ್‌ಗೆ (ಕೆಗ್ ಮೇಲೆ ಗ್ಯಾಸ್ ಜೋಡಿಸೋ ಮೂತಿಗೆ) ಗೇಜ್ ಇರೋ ಡಿಸ್‌ಕನೆಕ್ಟ್ ಸಿಕ್ಕಿಸಿ ನೋಡಿ. 20 ತೋರಿಸಿದರೆ ಇನ್ನೂ 3.2 ವಾಲ್ಯೂಮ್ ಆಸುಪಾಸು ಇದೆ, ಮುಂದುವರಿಸಿ. 12ಕ್ಕೆ ಬಂದ ಮೇಲೆ ಗ್ಯಾಸ್ 12ಕ್ಕೇ ಇಟ್ಟು ಜೋಡಿಸಿ. ಒಂದೆರಡು ದಿನದ ಕೆಲಸ. ಮುಂದಿನ ಸಲ 30ರಲ್ಲಿ ಒಂದು ದಿನ, ಅಲುಗಾಡಿಸದೆ. ಅರ್ಜೆಂಟ್ ಇಲ್ಲದಿದ್ದರೆ 12ರಲ್ಲೇ ಹತ್ತು ಹನ್ನೆರಡು ದಿನ ಬಿಡೋದು ಎಲ್ಲಕ್ಕಿಂತ ಒಳ್ಳೇದು.

ತಣ್ಣೀರು:
ಗೇಜ್ 12 ತೋರಿಸಿದ ಮೇಲೂ ಗುಳ್ಳೆ ಬಂದರೆ ಓ-ರಿಂಗ್ ನೋಡಲೇಬೇಕು. ಲಿಕ್ವಿಡ್ ಪೋಸ್ಟ್ ಹೊರಗಿನ ದಪ್ಪ ರಿಂಗ್ ಅಲ್ಲ, ಡಿಪ್ ಟ್ಯೂಬಿನ (ಕೆಗ್ ತಳದಿಂದ ಬಿಯರ್ ಮೇಲೆ ತರೋ ಕೊಳವೆಯ) ಕತ್ತಿನ ಕೆಳಗೆ ಕೂರೋ ಚಿಕ್ಕದು. ಅದು ಸೀಳಿದ್ದರೆ ಕೆಗ್ ಮೇಲ್ಭಾಗದ ಗ್ಯಾಸ್ ನೇರ ಬಿಯರ್ ಜೊತೆ ಸೇರುತ್ತೆ. ಹೊರಗೆ ಒಂದು ಹನಿಯೂ ಸೋರಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಕೆಗ್ ಪ್ರೆಶರ್ ಪೂರ್ತಿ ಬಿಟ್ಟ ಮೇಲಷ್ಟೇ ಪೋಸ್ಟ್ ಬಿಚ್ಚಿ. ಹೊಸ ರಿಂಗಿಗೆ ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ.

ಮೊದಲ ಲೋಟವೇ ಹೆಚ್ಚು ನೊರೆ ಅಂದಿರಲ್ಲ, ಅದರಲ್ಲಿ ಟವರ್ ಪಾಲೂ ಇದೆ. ಕೆಗ್ 4 ಡಿಗ್ರಿಯಲ್ಲಿದ್ದರೂ ಟವರ್ ಒಳಗಿನ ಲೈನ್ ರೂಮಿನಷ್ಟೇ ಬಿಸಿ. ಫ್ರಿಜ್ ಒಳಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಇಟ್ಟು, ಪೈಪಿನಲ್ಲಿ ತಣ್ಣನೆ ಗಾಳಿಯನ್ನು ಟವರ್ ತುದಿವರೆಗೆ ಊದಿಸಿ.

ಹಾಪ್ಸ್‌ಪ್ರಿಯ:
ಉದ್ದ ಲೈನ್ ಬದಲು ಫ್ಲೋ ಕಂಟ್ರೋಲ್ ಟ್ಯಾಪ್ (ಹರಿವಿನ ವೇಗ ಹೊಂದಿಸೋ ಟ್ಯಾಪ್) ಹಾಕಿದರೆ ನಡೆಯುತ್ತಾ?

ಮಾಲ್ಟ್‌ಮನೆ:
ಲೈನ್ ಗಿಡ್ಡ ಇದ್ದದ್ದಷ್ಟೇ ಸಮಸ್ಯೆಯಾದರೆ ನಡೆಯುತ್ತೆ. ಗ್ಯಾಸ್ ಹೆಚ್ಚಾಗಿದ್ದರೆ ಅದರಿಂದ ಏನೂ ಆಗಲ್ಲ, ಮೊದಲು ಅದನ್ನು ಬಿಡಿಸಿ. ಮಾಮೂಲಿ ಟ್ಯಾಪನ್ನು ಅರ್ಧ ತೆರೆದು ಬಗ್ಗಿಸೋದಂತೂ ಬೇಡವೇ ಬೇಡ, ಆ ಸಂದಿಯಲ್ಲೇ ಬಿಯರ್ ಚಿಮ್ಮಿ ನೊರೆಯಾಗುತ್ತೆ. ಒಂದೇ ಏಟಿಗೆ ಪೂರ್ತಿ ತೆರೀರಿ, ಲೋಟ ಓರೆ ಹಿಡೀರಿ.